ಒಂದು ಗೇಣು

ಕಾನ್‌ಸ್ಟಾಂಟ್ಸಾದ ಕಡಲಗಾಳಿಗೆ
ಕಿಟಕಿಗಳು ಗಡಗಡ ಅನ್ನುತ್ತಿದ್ದ ಬೆಳಗುಗಳಲ್ಲಿ
ಅಂಗೈಯಗಲದ ಮರದ ಮೇಲೆ
ನಾನು ತಲೆಕೆಳಗು.
ಬೆನ್ನ ಕೆಳಗೆ ವಿಯೊರಿಕಾಳ ಕೈ.
ಮುಟ್ಟುತ್ತಿರಲಿಲ್ಲ,
ಒಂದು ಗೇಣು ದೂರ, ಅಷ್ಟೆ.

ಹೊಗಳಿದವಳಲ್ಲ.
‘ಮತ್ತೊಮ್ಮೆ’ ಅನ್ನುವಳು,
ಚಾಕ್ ಪುಡಿ ಮೆತ್ತಿದ ಕೈಯಲ್ಲೇ
ಬ್ರೆಡ್ಡು ಮುರಿದು ದೊಡ್ಡ ಚೂರು ನನಗಿಡುವಳು.
ಅಂಗೈ ಹರಿದ ದಿನ ಸೂಜಿ ಕಾಯಿಸಿ
ಸತ್ತ ಚರ್ಮ ಬಿಡಿಸುತ್ತಾ ಬೈದದ್ದು
ನನ್ನನ್ನಲ್ಲ, ಕಬ್ಬಿಣದ ಸರಳನ್ನು.

ಬಾಕುವಿನಲ್ಲಿ ಬಿದ್ದೆ.
ಊರಿಗೂರೇ ಅಂಕಪಟ್ಟಿ ನೋಡುತ್ತಿತ್ತು,
ಅವಳು ನನ್ನ ಹಿಮ್ಮಡಿ.
‘ಊದಿದೆಯಾ?’
ವಿಮಾನ ಇಳಿಯುವ ತನಕ ಮತ್ತೆ ಮಾತಿಲ್ಲ.

ಈ ಜನವರಿಗೆ ಅವಳಿಗೆ ಎಪ್ಪತ್ತೊಂದು.
ಟ್ರಾಲಿಬಸ್ ನಿಲ್ದಾಣದ ಮೆಟ್ಟಿಲ ಮೇಲೆ
ಹಿಮ ಕಟ್ಟಿ ಗಾಜಾಗಿದೆ.
ಕೋಲು ಬೇಡ ಅನ್ನುತ್ತಾಳೆ, ತೋಳೂ ಬೇಡ,
ಹಠಮಾರಿ, ಇಳಿಯುತ್ತಾಳೆ ಒಂದೊಂದೇ
ಚೀಲದಲ್ಲಿ ಆಲೂಗಡ್ಡೆ ಕುಲುಕಿಸುತ್ತಾ.
ನಾನು ಹಿಂದೆ.
ಯಾವಾಗ ಚಾಚಿತೋ ನನ್ನ ಕೈ,
ಅವಳ ಬೆನ್ನಿಗೆ ಒಂದು ಗೇಣು ದೂರ.

ತಿರುಗಿಯೂ ನೋಡದೆ ಅಂದಳು:
‘ಕೈ ಇನ್ನೂ ಕೆಳಗೆ, ಇಲಿಂಕಾ.
ಬೀಳುವುದು ಸೊಂಟ ಮೊದಲು.’