ಬಿರುಕು ಓದುವವಳು

ಮಂಗಳವಾರ ಬೆಳಗ್ಗೆ ಏಳಕ್ಕೇ ಹೊರಡುತ್ತೇನೆ.
ಚೀಲದಲ್ಲಿ ಟಾರ್ಚು, ಸ್ಕೇಲು, ನೋಟ್‌ಬುಕ್ಕು,
ಗೋಡೆಗೆ ಅಂಟಿಸುವ ಗಾಜಿನ ಪಟ್ಟಿಗಳು.
ತೈಪೆಯ ಹೊಟ್ಟೆಯೊಳಗೆ
ಹೊಸ ಮೆಟ್ರೋ ಸುರಂಗ ತೆವಳುತ್ತಿದೆ,
ದಿನಕ್ಕೆ ಒಂಬತ್ತು ಮೀಟರು.
ಅದರ ನೆತ್ತಿಯ ಮೇಲೆ ಮೂರು ಗುಡಿ.
ಮೂರರ ಬಿರುಕನ್ನೂ ಓದಿ ಬರೆದುಕೊಂಡು ಬರುವುದು
ನನ್ನ ಕೆಲಸ.
ಭಕ್ತಿ ಸಂಬಳದಲ್ಲಿ ಸೇರಿಲ್ಲ.

ಮೊದಲನೆಯದು ನಗರದೇವರದು.
ಎಡಕ್ಕೆ ಬ್ಯಾಂಕು, ಬಲಕ್ಕೆ ಹಲ್ಲಿನ ಆಸ್ಪತ್ರೆ,
ನಡುವೆ ಮೈ ಮುದುರಿ ಕೂತ ಕೆಂಪು ಬಾಗಿಲು.
ಮೇಲೊಂದು ಹಲಗೆ: ‘ಬಂದೆಯಾ, ಅಂತೂ!’
ಒಳಗೆ ತೊಲೆಗೆ ತೂಗುಬಿಟ್ಟ, ಆಳುದ್ದದ ಲೆಕ್ಕದ ಮಣಿಚೌಕಟ್ಟು.
ಸತ್ತವರ ಪಾಪಪುಣ್ಯ ಎಣಿಸುವುದಕ್ಕಂತೆ.
ಅದರ ಕೆಳಗೆ ನಿಂತು ಸ್ಕೇಲು ತೆಗೆಯುವಾಗ
ಪ್ರತಿಸಲವೂ ಏನೋ ಸಂಕೋಚ,
ಹಳೇ ಗುಮಾಸ್ತನ ಮುಂದೆ ಹೊಸ ಗುಮಾಸ್ತೆ.
ಕಂಬ ನಾಲ್ಕು: ಸೊನ್ನೆ ಬಿಂದು ಎರಡು ಮಿಲಿಮೀಟರು.
“ನಿನ್ನ ಸೊನ್ನೆ ಅವನ ಲೆಕ್ಕಕ್ಕೆ ಬರಲ್ಲಮ್ಮ,”
ಭವಿಷ್ಯದ ಚೀಟಿ ಓದಿ ಹೇಳುವ ಲಿಯಾವ್
ಮೊಟ್ಟೆ ಸುಲಿಯುತ್ತ ಅನ್ನುತ್ತಾನೆ.
ಅವನೂ ಬಿರುಕು ಓದುವವನೇ, ಮನುಷ್ಯರಲ್ಲಿ.

ಎರಡನೆಯದು ಬುದ್ಧನದು, ಫ್ಲೈಓವರಿನ ಕಂಕುಳಲ್ಲಿ.
ಕಪ್ಪು ಹೆಂಚು, ಮರದ ಗೋಡೆ,
ಲಾರಿ ಹೋದಾಗಲೆಲ್ಲ ತಾನಾಗಿ ಗುಂಯ್‌ಗುಡುವ ಗಂಟೆ.
ಭಿಕ್ಷುಣಿ ಹುಯಿ-ಜಿಂಗ್ ಏಣಿ ಹಿಡಿದು ನಿಲ್ಲುತ್ತಾಳೆ.
ಹುಟ್ಟಿದ್ದೆಲ್ಲ ಅಳಿಯುತ್ತದೆಂದು
ನಸುಕಿನಿಂದ ಪಠಿಸಿದ ಬಾಯಿ ಅದೇ,
ಸಣ್ಣ ದನಿಯಲ್ಲಿ ಕೇಳುತ್ತದೆ:
“ಹೆಚ್ಚಾಗಿದೆಯಾ?”
ಇಲ್ಲ ಅನ್ನುತ್ತೇನೆ.
ಬುದ್ಧನ ಕಡೆ ನೋಡದೆ, ಗುಟ್ಟಾಗಿ
ಏಣಿಗೆ ಹಣೆ ಒತ್ತಿ ಉಸಿರು ಬಿಡುತ್ತಾಳೆ.

ಮೂರನೆಯದನ್ನು ಗುಡಿ ಅನ್ನುವುದೇ ಹೆಚ್ಚು.
ನೂಡಲ್ಸ್ ಅಂಗಡಿಯ ಹಬೆಯಲ್ಲಿ ಮುಕ್ಕಾಲು ಮುಳುಗಿದ ಗೂಡು.
ಒಳಗೆ ಬಿಳಿಗಡ್ಡದ ಮಣ್ಣಜ್ಜ,
ಈ ಓಣಿಯ ನೆಲಕ್ಕೆ ಅವನೇ ಒಡೆಯ.
ಮುಂದೆ ಕಡಲೆಮಿಠಾಯಿ, ಪೀಠದ ಕೆಳಗೊಂದು ಕಲ್ಲಿನ ಹುಲಿಮರಿ.
ನೋಡಿಕೊಳ್ಳುವವಳು ಸ್ಯೂ-ಖಿಂ ಅಜ್ಜಿ.
ನನ್ನ ಹೆಸರು ಕೇಳಲೇ ಇಲ್ಲ ಆಕೆ,
“ಬಂದಳು ನೋಡು ಅಳತೆಯವಳು.”

ಸುರಂಗ ಶುರುವಾಗುವ ಮುನ್ನ ಸಾಹೇಬರೆಲ್ಲ ಬಂದಿದ್ದರಂತೆ,
ಹಳದಿ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡು.
“ಅವನ ಮೈಯನ್ನೇ ಅಗೆಯುವವರು
ಅವನನ್ನೊಂದು ಮಾತು ಕೇಳಬೇಡವೇ?”
ಅಜ್ಜಿಯೇ ಎಸೆದಳು ಮರದ ಅರ್ಧಚಂದ್ರ ಎರಡನ್ನು.
ಒಂದು ಅಂಗಾತ, ಒಂದು ಬೋರಲು ಬಿದ್ದರೆ: ಹೂಂ.
ಎರಡೂ ಬೋರಲು: ಊಹೂಂ.
ಎರಡೂ ಅಂಗಾತ ಬಿದ್ದವು, ಮೂರು ಸಲವೂ.
“ಹಾಗಂದರೆ?”
“ನಗು ಬಂತು, ನಕ್ಕ.”
ಕಡತದಲ್ಲಿ ನಾನೇ ನೋಡಿದ್ದೇನೆ ಆ ದಿನದ ಟಿಪ್ಪಣಿ:
‘ಸ್ಥಳೀಯರಿಂದ ಆಕ್ಷೇಪಣೆ ಇಲ್ಲ.’

ಹೋದ ಮಂಗಳವಾರ
ಪ್ರಯೋಗದ ರೈಲು ಓಡಿತು, ಖಾಲಿ.
ದೀಪ ಅಲುಗಿತು, ಸೂಪಿನ ಮೇಲೆ ಉಂಗುರ ಎದ್ದವು.
ಊಟಕ್ಕೆ ಕೂತಿದ್ದ ಟ್ಯಾಕ್ಸಿಯವನು ತಲೆ ಎತ್ತಿ
ಮತ್ತೆ ತಗ್ಗಿಸಿದ.
ಅಜ್ಜಿ ಮಣ್ಣಜ್ಜನ ಪಕ್ಕ ಇನ್ನೊಂದು ಲೋಟ ಚಹಾ ಇಟ್ಟಳು:
“ಕೆಳಮನೆಗೆ ಬಾಡಿಗೆಯವರು ಬಂದರು.”

ಆಗಲೇ ಟಣ್ಣೆಂದಿದ್ದು.
ಹುಲಿಮರಿಯ ಹತ್ತಿರ ನಾನು ಅಂಟಿಸಿದ್ದ ಗಾಜು
ನಟ್ಟನಡುವೆ ಸೀಳಿ, ಅಂಟು ಬಿಟ್ಟು ನೆಲದಲ್ಲಿ.
ಬಗ್ಗಿ ನೋಡಿದೆ.
ಒಂದು ಚೂರು ನಾನು ತಾರೀಖು ಬರೆದ ಮುಖ ಮೇಲಾಗಿ,
ಇನ್ನೊಂದು ಬೋರಲು.

ಅಜ್ಜಿ ಕನ್ನಡಕ ಏರಿಸಿ, ಕೂತು, ಎರಡನ್ನೂ ದಿಟ್ಟಿಸಿ,
ಮುಟ್ಟಲು ಹೋದ ನನ್ನ ಕೈ ತಡೆದಳು.
“ಹೂಂ ಅಂದಿದ್ದಾನಲ್ಲೇ.
ಏನು ಕೇಳಿದೆ?”

ನಾನು ಏನೂ ಕೇಳಿರಲಿಲ್ಲ.
ನೋಟ್‌ಬುಕ್ಕು ತೆರೆದಿತ್ತು, ಪೆನ್ನು ಕೈಯಲ್ಲಿತ್ತು,
ಇಷ್ಟು ವಾರಗಳಲ್ಲಿ
ಕೇಳಬಹುದಿತ್ತು ಅನಿಸಿದ್ದೆಲ್ಲ
ಒಂದೇ ಸಲ ಗಂಟಲಿಗೆ ಬಂದು
ಸಾಲು ಹಚ್ಚಿ ನಿಂತಿತ್ತು.