ಪ್ರಶ್ನೆ ಹದಿನಾಲ್ಕು

ವಾಸ್ಕೋದ ಆಸ್ಪತ್ರೆಗೆ ಕನ್ನಡ ಬಲ್ಲವರು ಬೇಕಾಗಿತ್ತು,
ಮೂರು ತಿಂಗಳ ಮಟ್ಟಿಗೆ. ಸೇರಿಕೊಂಡೆ.
ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ರಟ್ಟು,
ಇಪ್ಪತ್ತೆರಡು ಪ್ರಶ್ನೆ, ಒಂದೊಂದಕ್ಕೂ ಐದು ಚೌಕ.
ತೀರ ಕೆಟ್ಟದ್ದಕ್ಕೆ ಒಂದು, ಬಹಳ ಚಲೋ ಅಂದರೆ ಐದು,
ಉತ್ತರ ಸಿಗದಿದ್ದರೆ ತೊಂಬತ್ತೊಂಬತ್ತು.

ಹನ್ನೊಂದನೇ ಮಂಚದಲ್ಲಿ ಫಕೀರವ್ವ. ರೋಣದ ಕಡೆಯವಳು,
ಬಂದರಿನಲ್ಲಿ ಅದಿರು ಬಾಚಿದ ಕೈ,
ಉಗುರಿನ ಸಂದಿಯ ಕೆಂಪು ಇನ್ನೂ ಹೋಗಿಲ್ಲ.
"ಡಾಕ್ಟರು ನಿಮ್ಮ ಮಾತು ಕೇಳಿಸಿಕೊಂಡರಾ?"
"ಯಾವ ಡಾಕ್ಟರು ತಂಗಿ? ಮಾರಿ ನೋಡಿದಾವನೋ,
ಕಂಪ್ಯೂಟರ್ ನೋಡಿದಾವನೋ?"
"ಒಟ್ಟಾರೆ ಹೇಳಿ."
"ಜ್ವಾಳಾನೂ ಹಳ್ಳಾನೂ ಕೂಡಿಸಿ
ಒಂದ ಸೇರಿನಾಗ ಅಳೀತಿಯೇನು?"
ಮೂರು ಎಂದು ಗುರುತು ಹಾಕಿದೆ.

ಹದಿನಾಲ್ಕು: ನೋವನ್ನು ಸಕಾಲಕ್ಕೆ ವಿಚಾರಿಸಿದರೆ?
ನಕ್ಕಳು. ಹೊಲಿಗೆ ಎಳೆಯಿತೇನೋ, ಹೊಟ್ಟೆ ಹಿಡಿದುಕೊಂಡಳು.
"ರಾತ್ರಿ ಒಬ್ಬಾಕಿ ಬರ್ತಾಳ, ಪಿಯೆದಾದ್ ಅಂತ,
ನೆಲಾ ಒರಸಾಕಿ. ನಮ್ಮ ಮಾತು ಒಂದ ಕಲ್ತಾಳ,
ಅದೂ ಸೊಟ್ಟ. ಕಸಬರಿಗಿ ಗ್ವಾಡಿಗಿ ಆನಿಸಿ
'ನಾವು ಐತಿ?' ಅಂತಾಳ.
ನೋವು ಅನ್ನಾಕ ಬರಂಗಿಲ್ಲ ಅಕೀಗೆ.
ಮೊದಲನೇ ದಿನ ತಿಳೀಲಿಲ್ಲ ನನಗ. ಹೂಂನವ್ವ,
ನಾವು ಐತಿ ಅಂದೆ.
ಅಂಗಾಲು ತಿಕ್ಕಿದಳು ಆಮ್ಯಾಲ."
"ತಿದ್ದಲಿಲ್ಲವಾ?"
"ಯಾಕ ತಿದ್ದಲಿ?"

ಮುಂದಿನವು ಸರಸರ ಮುಗಿದವು: ಊಟ, ಬೆಳಕು, ಗದ್ದಲ.
ಹತ್ತೊಂಬತ್ತು: ಶೌಚಾಲಯದ ಸ್ವಚ್ಛತೆ.
"ಹೊಲಸು. ಒಂಬತ್ತರ ಮ್ಯಾಲ ನೀರಿಲ್ಲ.
ಒಂದ ಬರಿ. ಅದಕೂ ಕಡಿಮಿ ಐತೇನು?"
ಅದನ್ನು ತೊಳೆಯುವವಳು ಯಾರೆಂದು
ನಾನು ಹೇಳಲಿಲ್ಲ. ಗೊತ್ತಿತ್ತೋ ಏನೋ ಅವಳಿಗೆ.
ಒಂದು ಬರೆದೆ. ಸುಳ್ಳೇನಲ್ಲ,
ನೀರಿರಲಿಲ್ಲ.

ಪಣಜಿಯ ಸಭೆಯಲ್ಲಿ ಗೋಡೆಯ ತುಂಬ ಕಂಬಗಳು.
ಹದಿನಾಲ್ಕರದು ಹಸಿರು: ದಾದಿಯರಿಗೆ ಚಪ್ಪಾಳೆ.
ಹತ್ತೊಂಬತ್ತರದು ಗಿಡ್ಡ, ಕೆಂಪು,
ರಾತ್ರಿ ಪಾಳಿಯವರಿಗೆ ನೋಟೀಸು ಹೋಗಲಿ ಅಂದರು.
ನಳದ ಮಾತು ಯಾರೂ ಎತ್ತಲಿಲ್ಲ.
ನಾನೂ ಎತ್ತಲಿಲ್ಲ, ಚಹಾ ಬಂದಿತ್ತು.

ಅಂಕಿ ತುಂಬುವ ಫೋಂಡೆಯ ಹುಡುಗ ಮಾತ್ರ
ಅದಕ್ಕೂ ವಾರದ ಮೊದಲು ಒಂದು ಹಾಳೆ ಹಿಡಿದು ಬಂದಿದ್ದ.
ಹದಿನಾಲ್ಕರ ಪಕ್ಕ, ಚೌಕದ ಹೊರಗೆ,
ಪೆನ್ಸಿಲ್ಲಿನಲ್ಲಿ ನನ್ನದೇ ಅಕ್ಷರ: ನಾವು ಐತಿ.
"ಇದಕ್ಕೆ ಯಾವ ಸಂಖ್ಯೆ ಹಾಕಲಿ?"
ಅವನ ಹಿಂದೆ ಇನ್ನೂ ನಾನೂರು ಹಾಳೆಗಳಿದ್ದವು.
ತೊಂಬತ್ತೊಂಬತ್ತು, ಅಂದೆ.