ಅಗ್ಗದ ಕರೆಂಟಿನ ಹೊತ್ತು

ರಾತ್ರಿ ಎರಡರಿಂದ ಐದರವರೆಗೆ ಕರೆಂಟು ಅಗ್ಗ.
ಸಂಜೆಯೇ ಫೋನು ದರದ ಪಟ್ಟಿ ತೋರಿಸಿ
ಹೇಳಿಬಿಡುತ್ತದೆ: ಸಮುದ್ರದ ಮೇಲೆ ಗಾಳಿ ಎದ್ದರೆ
ಇನ್ನೂ ಇಳಿದೀತು.
ಸೌದೆಯ ಆವಿಗೆಯವರು ಗಾಳಿ ನಿಲ್ಲಲೆಂದು ಕಾದರು,
ನಾನು ಬೀಸಲೆಂದು.
ಒಂಬತ್ತಕ್ಕೆ ಸ್ವಿಚ್ಚು ಒತ್ತಿದರೆ
ಆವಿಗೆ ಹೊಟ್ಟೆಬಾಕನಾಗುವ ಗಳಿಗೆ
ಸರಿಯಾಗಿ ಆ ಮೂರು ತಾಸಿಗೆ ಬೀಳುತ್ತದೆ.
ಅಲ್ಲಿಯತನಕ ಕುರ್ಚಿಯಲ್ಲೇ ಕೋಳಿನಿದ್ದೆ.

ಈ ಪೇಟೆಯ ಹೆಸರು ಸೂಪಿನೂರು.
ತಾರ್ತುವಿನ ಜನಕ್ಕೆ ನಗು ಬರುವುದಿಲ್ಲ, ಅಭ್ಯಾಸವಾಗಿದೆ.
ಬೀದಿಗಳಿಗೆ ತರಕಾರಿಯ ಹೆಸರು; ನನ್ನದು ಬಟಾಣಿ ಬೀದಿ,
ಮರದ ಮನೆಯ ತಳದಲ್ಲಿ, ಕಿಟಕಿ ನೆಲದ ಮಟ್ಟಕ್ಕೆ.
ದಾರಿಹೋಕರನ್ನು ನಾನು ಬೂಟಿನಿಂದ ಬಲ್ಲೆ.
ಹಿಮ ಮೆತ್ತಿದ ಎಡಗಾಲು ಕೊಂಚ ಎಳೆದರೆ ವೆಲ್ಯೋ:
ಮೂವತ್ತು ವರ್ಷ ಬಸ್ಸು ಓಡಿಸಿದವನು,
ಈಗ ನನ್ನ ಮಣ್ಣು ನಾದುತ್ತಾನೆ
ತಿರುವಿನಲ್ಲಿ ಸ್ಟಿಯರಿಂಗ್ ಹಿಡಿದ ಹಾಗೆ, ಮೈ ವಾಲಿಸಿ.
ಜನವರಿಯಲ್ಲಿ ಹಿತ್ತಲ ಷೆಡ್ಡಿನ ಮಣ್ಣು ಕಲ್ಲು.
ಅದಕ್ಕೇ ಅವನ ಮನೆಯ ಸೌನಾದಲ್ಲಿ
ಮೊದಲ ಸರದಿ ಮಣ್ಣಿನ ಮೂಟೆಗೆ, ಆಮೇಲೆ ಅವನಿಗೆ.
"ಒಂದೇ ಬೆಂಚು, ಒಂದೇ ಬೆವರು" ಅನ್ನುತ್ತಾನೆ.

ನಲವತ್ತೆಂಟು ಬಟ್ಟಲು ಬೇಕಂತೆ ಗ್ರೇಟೆಯ ಕೆಫೆಗೆ.
ಯಂತ್ರದ್ದು ಅನ್ನಿಸಬಾರದು,
ಒಂದಕ್ಕೊಂದು ಬೇರೆಯೂ ಇರಬಾರದು.
ಸರಿ ಅಂದೆ. ಬಾಡಿಗೆ ಐದನೇ ತಾರೀಖು.
ಮುನ್ನೂರ ಇಪ್ಪತ್ತು ಗ್ರಾಂ, ಮುನ್ನೂರ ಇಪ್ಪತ್ತು ಗ್ರಾಂ,
ತಿಗರಿ ತಿರುಗುತ್ತದೆ, ಹೆಬ್ಬೆರಳು ಇಳಿಯುತ್ತದೆ,
ಇಪ್ಪತ್ತನೆಯದರ ಹೊತ್ತಿಗೆ ಕೈಗೆ ಬುದ್ಧಿ ಬಂದು
ಮೂವತ್ತಕ್ಕೆ ಬೇಸರ ಬಂದು
ಮೂವತ್ತೊಂದು ತುಸು ಸೊಂಟ ಕುಲುಕಿತು. ಬಿಟ್ಟೆ ಹಾಗೇ.
ಹಿಡಿ ಅಂಟಿಸುವುದು ಬೇರೆಯೇ ದಿನದ ಕೆಲಸ:
ನಲವತ್ತೆಂಟು ಕಿವಿ, ಒಂದಕ್ಕೂ ಕೇಳಿಸದು.

ಬುಧವಾರ ಹೆಲ್ಯಾ ಬರುತ್ತಾಳೆ
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ, ಕಣ್ಣು ಕೆಂಪು.
ಎರಡು ವರ್ಷದಿಂದ ಫೀಸು ಕಟ್ಟುತ್ತಾಳೆ, ಏನೂ ಒಯ್ದಿಲ್ಲ.
ಗೋಡೆ ಎಬ್ಬಿಸುತ್ತಾಳೆ ತೆಳ್ಳಗೆ, ನನಗಿಂತ ತೆಳ್ಳಗೆ,
ತಿಗರಿ ನಿಲ್ಲಿಸಿ ನೋಡುತ್ತಾಳೆ,
ಅಂಗೈಯಿಂದ ಅಮುಕಿ ಬಕೆಟ್ಟಿಗೆ ಹಾಕುತ್ತಾಳೆ.
ಯಾಕೆ ಅಂತ ಒಮ್ಮೆ ಕೇಳಿದ್ದೆ.
"ಇಲ್ಲಿ ಕೈತಪ್ಪಿದರೆ ಯಾರೂ ಸಾಯುವುದಿಲ್ಲ" ಅಂದಳು.

ಹೋದ ವಾರ ಮಾತ್ರ ಒಂದು ಹಲಗೆಯ ಮೇಲೆ ಉಳಿದಿತ್ತು.
ಹೆಸರು ಗೀಚಿಲ್ಲ. ಮರೆತಳೋ, ಬಿಟ್ಟಳೋ.
ಆವಿಗೆಯ ಕೆಳಮೂಲೆಯಲ್ಲಿ ಗೇಣಗಲ ಜಾಗವಿತ್ತು, ಇಟ್ಟೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ನನಗೆ ದೊಣ್ಣೆಯೂ ಬೇಕಾಗಲಿಲ್ಲ,
ಒಳಗೆಲ್ಲೋ ಸಾಸಿವೆಯಷ್ಟು ಹಸಿ.
ಹತ್ತೂವರೆಗೆ ಕೇಳಿದ ಟಪ್ ಸದ್ದು
ಮಾಡಿನಿಂದ ಜಾರಿದ ಹಿಮವೆಂದುಕೊಂಡಿದ್ದೆ.
ಮರುಸಂಜೆ ಮುಚ್ಚಳ ಎತ್ತಿದರೆ
ಮೂವತ್ತೊಂದು ಇರಲೇ ಇಲ್ಲ.
ಪಕ್ಕದ ಐದರ ಹಿಡಿ ಹಾರಿತ್ತು,
ಎಲ್ಲದರ ಮೇಲೂ ಕೆಂಪು ಪುಡಿ.
ಮೂಲೆಯಲ್ಲಿ ಅವಳದು, ಹೊಟ್ಟೆಯೊಳಗೆ
ನನ್ನ ಬಟ್ಟಲಿನದೊಂದು ಚೂರು ಇಟ್ಟುಕೊಂಡು ನೆಟ್ಟಗಿತ್ತು.

"ಎಷ್ಟು ಹೋದವು?" ಕೇಳಿದಳು ಹೆಲ್ಯಾ, ಕೋಟು ಕಳಚುತ್ತ,
ವಾರ್ಡಿನಲ್ಲಿ ಕೇಳುವ ದನಿಯೂ ಅದೇ ಇರಬೇಕು.
ಆರು.
ತನ್ನದನ್ನೆತ್ತಿ ಉಗುರಲ್ಲಿ ತಟ್ಟಿದಳು, ಕಿವಿಗಿಟ್ಟು ಇನ್ನೊಮ್ಮೆ.
ಕೈ ರೂಢಿಯಂತೆ ಬಕೆಟ್ಟಿನ ಕಡೆ ಹೋಯಿತು.
"ಇನ್ನು ಅದು ಮಣ್ಣಾಗದು" ಅಂದೆ.
"ಗೊತ್ತು" ಅಂದಳು. ಗೊತ್ತಿರಲಿಲ್ಲ ಅನ್ನಿಸಿತು.

ಈಗ ಅದು ನಲ್ಲಿಯ ಪಕ್ಕ ಇದೆ, ಮೆರುಗಿಲ್ಲದೆ,
ಹಳೆಯ ಟೂತ್‌ಬ್ರಶ್ಶು, ತಂತಿ, ಸ್ಪಂಜಿನ ತುಂಡು ತುಂಬಿಕೊಂಡು.
ನೀರು ಹೀರಿ ಬುಡ ಕಪ್ಪಾಗುತ್ತಿದೆ.
ಮನೆಗೆ ಒಯ್ಯಲಿಲ್ಲ ಅವಳು; ಕೈತೊಳೆಯುವಾಗ ಮಾತ್ರ
ಅಂಚಿನಿಂದ ಅದನ್ನೊಂದಿಷ್ಟು ಒಳಕ್ಕೆ ಸರಿಸುತ್ತಾಳೆ.

ಆರು ಬಟ್ಟಲು ಬಾಕಿ. ಗ್ರೇಟೆಗೆ ಇನ್ನೂ ಹೇಳಿಲ್ಲ.
ಇವತ್ತು ಗಾಳಿಯಿಲ್ಲ, ಪಟ್ಟಿಯಲ್ಲಿ ಎಲ್ಲ ಗಂಟೆಯೂ ದುಬಾರಿ.
ಕಿಟಕಿಯಲ್ಲಿ ಎಡಗಾಲು ಎಳೆಯುವ ಬೂಟು,
ಹಿಂದೆ ಮಕ್ಕಳ ಜಾರುಬಂಡಿ, ಮೇಲೆ ಕಂಬಳಿ ಹೊದ್ದ ಮೂಟೆ,
ಸೌನಾದಿಂದ ಈಗಷ್ಟೇ ಎದ್ದು ಬಂದದ್ದು,
ಹಬೆಯಾಡುತ್ತ.